ಬೆಳಗಿನ ಮಂಜಿನಲ್ಲಿ ಕಣಗಳ ಎಣಿಕೆ ಏಕೆ ಏರುತ್ತದೆ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಶಾಲೆಗೆ ಘಟಪ್ರಭಾ ನದಿ ಹತ್ತಿರ. ಸುತ್ತಲೂ ಕಬ್ಬಿನ ಹೊಲ, ಸ್ವಲ್ಪ ದೂರದಲ್ಲಿ ಸಕ್ಕರೆ ಕಾರ್ಖಾನೆ. ಈ ಚಳಿಗಾಲದಲ್ಲಿ ಮಕ್ಕಳ ಜೊತೆ ಸೇರಿ ಮಾಳಿಗೆ ಮೇಲೆ ಲೇಸರ್ ಬೆಳಕಿನಿಂದ ಕಣ ಎಣಿಸುವ ಸಣ್ಣ ಸಾಧನ ಇಟ್ಟಿದ್ದೇವೆ. ಒಂದೆರಡು ಸಾವಿರ ರೂಪಾಯಿಯದು. ಮಂಜು ಬಿದ್ದ ದಿನ ಬೆಳಿಗ್ಗೆ ಆರಕ್ಕೆ ಪಿಎಂ 2.5 ಅಂಕಿ (2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಇವೆ ಎಂಬ ಲೆಕ್ಕ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) 300 ತಲುಪುತ್ತದೆ. ಹತ್ತೂವರೆಗೆ 60ರ ಹತ್ತಿರ ಬರುತ್ತದೆ. ಅಷ್ಟರಲ್ಲಿ ತೇವಾಂಶವೂ ಶೇಕಡಾ 95ರಿಂದ 50ಕ್ಕೆ ಇಳಿದಿರುತ್ತದೆ. ಯಂತ್ರ ಅಗ್ಗದ್ದು, ಸುಳ್ಳು ಹೇಳುತ್ತದೆ ಎಂದು ಕೆಲವರು ಅನ್ನುತ್ತಾರೆ. ರಾತ್ರಿ ಕಾರ್ಖಾನೆಯವರು ಹೊಗೆ ಜಾಸ್ತಿ ಬಿಡುತ್ತಾರೆ ಅನ್ನುವವರೂ ಇದ್ದಾರೆ. ಊರ ಹಿರಿಯರು "ಕಾರ್ಖಾನಿ ಹೊಗಿನ ಮಳಿ ತಿಂದೈತ್ರೀ ಸರ್" ಅನ್ನುತ್ತಾರೆ. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಹೊರಗೆ ನಿಲ್ಲಿಸಬಹುದೇ? ಇನ್ನೊಂದು ವಿಷಯ. ಆವಿ ಕಣದ ಮೇಲೆ ಹೇಗೆ ಕೂರುತ್ತದೆ ಎಂದು ಅಳೆದು ನೋಡಲು ನಮ್ಮ ಮಕ್ಕಳಿಗೆ ಆಸೆ. ಅದಕ್ಕೆ ಸಿಪಿಸಿ (ಕಂಡೆನ್ಸೇಶನ್ ಪಾರ್ಟಿಕಲ್ ಕೌಂಟರ್) ಎಂಬ ದೊಡ್ಡ ಯಂತ್ರ ಬೇಕಂತೆ. ನಮ್ಮಂಥ ಶಾಲೆಗೆ ಬೇರೆ ದಾರಿ ಇದೆಯೇ?

ಉತ್ತರ: ಗುರುಗಳೇ, ಕೊನೆಯ ಪ್ರಶ್ನೆಯ ಉತ್ತರ ಮೊದಲು ಹೇಳಿಬಿಡುತ್ತೇನೆ. ದಾರಿ ಇದೆ. ಅದರಲ್ಲಿ ಅರ್ಧ ನೀವು ಆಗಲೇ ನಡೆದಿದ್ದೀರಿ. ನಿಮ್ಮನ್ನು ಗೊಂದಲಕ್ಕೆ ಹಾಕಿದ ಆ 300 ಎಂಬ ಅಂಕಿಯೊಳಗೇ ಆವಿ ಕಣದ ಮೇಲೆ ಕೂತ ಗುರುತು ಇದೆ. ಅದನ್ನು ಹೊಗೆಯ ಗುರುತಿನಿಂದ ಬೇರೆ ಮಾಡುವುದು ಹೇಗೆ ಅನ್ನುವುದೇ ಈಗಿನ ಕೆಲಸ.

ನಿಮ್ಮ ಯಂತ್ರ ಏನು ಮಾಡುತ್ತದೆ ಎಂದು ನೋಡೋಣ. ಅದಕ್ಕೆ ಧೂಳು, ಹೊಗೆ, ನೀರಿನ ಹನಿ ಅನ್ನುವ ಭೇದ ಗೊತ್ತಿಲ್ಲ. ಹಳೆಯ ಮಣ್ಣಿನ ಮನೆಯಲ್ಲಿ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಾಗ ಅದರಲ್ಲಿ ಕಣಗಳು ಮಿನುಗುತ್ತವಲ್ಲ, ಒಳಗೆ ನಡೆಯುವುದೂ ಅದೇ. ಸಣ್ಣ ಫ್ಯಾನ್ ಗಾಳಿ ಎಳೆಯುತ್ತದೆ. ಲೇಸರ್ ಬೆಳಕು ಕಣಕ್ಕೆ ಬಡಿದು ಚೆದುರುತ್ತದೆ. ಚೆದುರಿದ ಬೆಳಕನ್ನು ಒಂದು ಕಣ್ಣು ಹಿಡಿದು ಅಂಕಿಯಾಗಿ ಬದಲಾಯಿಸುತ್ತದೆ. ಪಿಎಂ 2.5 ಎಂದು ಪರದೆಯ ಮೇಲೆ ಬರುವ ತೂಕವನ್ನು ಅದು ಎಲ್ಲೂ ತೂಗಿಲ್ಲ. ಇಷ್ಟು ಬೆಳಕಿಗೆ ಇಷ್ಟು ತೂಕ ಎಂದು ತಯಾರಿಸಿದವರು ಒಳಗೆ ಬರೆದಿಟ್ಟ ಲೆಕ್ಕ ಅದು.

ಈ ಬೆಳಕಿನ ಲೆಕ್ಕದಲ್ಲಿ ಗಾತ್ರಕ್ಕೆ ವಿಪರೀತ ಬೆಲೆ ಇದೆ. ಕಣವು ಬೆಳಕಿನ ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಿದ್ದರೆ, ಅದು ಚೆದುರಿಸುವ ಬೆಳಕು ವ್ಯಾಸದ ಆರನೇ ಘಾತದಷ್ಟು ಬದಲಾಗುತ್ತದೆ. ವ್ಯಾಸ ಅರ್ಧವಾದರೆ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಇಂಥ ಯಂತ್ರಗಳಿಗೆ ಸುಮಾರು 0.3 ಮೈಕ್ರಾನ್‌ಗಿಂತ ಚಿಕ್ಕ ಕಣ ಕಾಣುವುದಿಲ್ಲ. ಆದರೆ ಗಾಳಿಯಲ್ಲಿರುವ ಕಣಗಳಲ್ಲಿ ಬಹುಪಾಲು ಅದಕ್ಕಿಂತ ಚಿಕ್ಕವೇ. ದೊಡ್ಡ ಊರಿನ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರಕ್ಕೂ ಜಾಸ್ತಿ ಕಣಗಳು ಇರುವುದು ಸಾಮಾನ್ಯ. ಅವುಗಳಲ್ಲಿ ನಿಮ್ಮ ಯಂತ್ರದ ಕಣ್ಣಿಗೆ ಬೀಳುವುದು ತೀರಾ ಸ್ವಲ್ಪ.

ಈಗ ಮಂಜಿನ ಬೆಳಗಿಗೆ ಬನ್ನಿ. ಕಲ್ಲಿದ್ದಲು ಸುಟ್ಟಾಗ ಗಂಧಕದ ಅನಿಲ ಬರುತ್ತದೆ. ಹೊಲಕ್ಕೆ ಹಾಕಿದ ಯೂರಿಯಾದಿಂದ, ದನಗಳ ಗಂಜಲದಿಂದ ಅಮೋನಿಯಾ ಏಳುತ್ತದೆ. ಗಂಧಕದ ಅನಿಲ ಗಾಳಿಯಲ್ಲಿ ಆಮ್ಲವಾಗಿ, ಆ ಅಮೋನಿಯಾ ಜೊತೆ ಕೂಡಿ, ಅಮೋನಿಯಂ ಸಲ್ಫೇಟ್ ಎಂಬ ಉಪ್ಪಿನ ಕಣವಾಗುತ್ತದೆ. 0.2 ಮೈಕ್ರಾನ್ ಗಾತ್ರದ ಅಂಥ ಒಂದು ಒಣ ಕಣ ನಿಮ್ಮ ಯಂತ್ರಕ್ಕೆ ಕಾಣದು. ಸುತ್ತಲಿನ ತೇವಾಂಶ ಶೇಕಡಾ 90ಕ್ಕೆ ಹೋದಾಗ ಅದು ನೀರು ಹೀರಿ ಸುಮಾರು 1.7 ಪಟ್ಟು ಉಬ್ಬುತ್ತದೆ. ವ್ಯಾಸ 0.34 ಮೈಕ್ರಾನ್ ಆಯಿತು. ಅಂದರೆ ಯಂತ್ರಕ್ಕೆ ಕಂಡಿತು, ಎಣಿಕೆಗೆ ಸೇರಿತು. ಗಾಳಿಗೆ ಹೊಸದಾಗಿ ಒಂದು ಕಣವೂ ಬಂದಿಲ್ಲ. ಮೊದಲೇ ಇದ್ದದ್ದು ಹೊಸ್ತಿಲು ದಾಟಿತು, ಅಷ್ಟೆ. ತೂಕದ ಲೆಕ್ಕವೂ ಹೀಗೇ ಹಾರುತ್ತದೆ. ವ್ಯಾಸ 1.7 ಪಟ್ಟು ಅಂದರೆ ಘನಗಾತ್ರ ಸುಮಾರು ಐದು ಪಟ್ಟು. ಹೆಚ್ಚಿನ ನಾಲ್ಕು ಪಾಲು ಬರೀ ನೀರು. ಪೂರ್ತಿ ಮಂಜು ಕಟ್ಟಿದಾಗ ಐದು, ಹತ್ತು, ಇಪ್ಪತ್ತು ಮೈಕ್ರಾನ್ ಹನಿಗಳೇ ತೇಲುತ್ತಿರುತ್ತವೆ. ಅವುಗಳಲ್ಲಿ ಒಳಗೆ ಹೋದಷ್ಟನ್ನು ಯಂತ್ರ ಧೂಳೆಂದೇ ಬರೆದುಕೊಳ್ಳುತ್ತದೆ.

ಹಾಗಂತ 300 ಪೂರ್ತಿ ನೀರು ಎಂದು ತಳ್ಳಿಹಾಕಬೇಡಿ. ಇಲ್ಲೇ ಬಹಳ ಜನ ಎಡವುತ್ತಾರೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕಂಟಿದ ಗಾಳಿ ತಣ್ಣಗೆ, ಮೇಲಿನ ಗಾಳಿ ಬೆಚ್ಚಗೆ. ಭಾರವಾದ ತಣ್ಣನೆ ಗಾಳಿ ಮೇಲೇಳುವುದಿಲ್ಲ. ಸಂಜೆ ಸುಟ್ಟ ರವದಿಯ (ಕಬ್ಬಿನ ಒಣಗರಿಯ) ಹೊಗೆ, ಒಲೆಯ ಹೊಗೆ, ಗಾಣದ ಮನೆಯ ಹೊಗೆ, ಟ್ರ್ಯಾಕ್ಟರಿನ ಹೊಗೆ ಎಲ್ಲ ಅದೇ ತೆಳು ಪದರದಲ್ಲಿ ಸಿಕ್ಕಿಕೊಂಡು ಬೆಳಗಿನವರೆಗೆ ಕೂಡುತ್ತಾ ಹೋಗುತ್ತವೆ. ಬಿಸಿಲೇರಿ ನೆಲ ಕಾದಾಗ ಗಾಳಿ ಮೇಲೇಳುತ್ತದೆ, ಎತ್ತರದ ಗಾಳಿಯೊಂದಿಗೆ ಬೆರೆಯುತ್ತದೆ, ಹೊಗೆ ತೆಳುವಾಗುತ್ತದೆ. ರಾತ್ರಿ ಕಾರ್ಖಾನೆಯವರು ಹೊಗೆ ಜಾಸ್ತಿ ಬಿಡಬೇಕೆಂದೇನಿಲ್ಲ. ಅಷ್ಟೇ ಹೊಗೆ ಬಿಟ್ಟರೂ ಬೆಳಗಿನ ಜಾವದಲ್ಲಿ ಅಂಕಿ ಏರುತ್ತದೆ. ಅಂದರೆ ನಿಮ್ಮ 300ರಲ್ಲಿ ಎರಡು ಬೆರೆತಿವೆ. ಒಂದು ಉಬ್ಬಿದ ನೀರು, ಇನ್ನೊಂದು ನಿಜವಾಗಿ ಸಿಕ್ಕಿಬಿದ್ದ ಹೊಗೆ. ತೇವಾಂಶ ಇಳಿಯುವುದೂ ಗಾಳಿ ಬೆರೆಯುವುದೂ ಒಂದೇ ಹೊತ್ತಿಗೆ, ಒಂದೇ ಸೂರ್ಯನಿಂದ. ಹಾಗಾಗಿ ಒಂದೇ ಯಂತ್ರ ಇಟ್ಟುಕೊಂಡು ಎಷ್ಟು ದಿನ ಅಳೆದರೂ ಇವೆರಡನ್ನು ಬಿಡಿಸಲು ಆಗುವುದಿಲ್ಲ.

ಕಾರ್ಖಾನೆಯ ಮೇಲೆ ಕಾಣುವ ಬಿಳಿ ಮೋಡದ ಬಗ್ಗೆಯೂ ಒಂದು ಮಾತು. ಅದರಲ್ಲಿ ಬಹುಪಾಲು ತಣ್ಣಗಾಗಿ ಹನಿಗಟ್ಟಿದ ಆವಿ. ಒಣ ಗಾಳಿಯಲ್ಲಿ ಬೆರೆತ ಕೂಡಲೇ ಅದು ಕಣ್ಮರೆಯಾಗುತ್ತದೆ. ಹೊಗೆ ಹಾಗೆ ಮಾಯವಾಗುವುದಿಲ್ಲ, ತೆಳುವಾಗುತ್ತಾ ದೂರದವರೆಗೆ ಎಳೆದುಕೊಂಡು ಹೋಗುತ್ತದೆ. ಇನ್ನು ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಯ ಮೇಲೆ ಬೀಳುವ ಕಪ್ಪು ಚೂರುಗಳಿವೆಯಲ್ಲ, ಬಗಾಸೆ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಸುಟ್ಟ ಬೂದಿ, ಅದನ್ನು ನಿಮ್ಮ ಯಂತ್ರ ಎಣಿಸುವುದೇ ಇಲ್ಲ. ಅಷ್ಟು ದೊಡ್ಡ ಚೂರನ್ನು ಅದರ ಪುಟ್ಟ ಫ್ಯಾನ್ ಒಳಗೆ ಎಳೆಯಲಾರದು. ಬಟ್ಟೆ ಕಪ್ಪಾದ ದಿನ ಅಂಕಿ ಕಡಿಮೆ ಇತ್ತು ಎಂದು ಯಾರಾದರೂ ತೋರಿಸಿದರೆ, ಬಟ್ಟೆಯೂ ಸರಿ, ಯಂತ್ರವೂ ಸರಿ. ಎರಡೂ ಬೇರೆ ಬೇರೆ ಗಾತ್ರದ ಕಣಗಳ ಕಥೆ ಹೇಳುತ್ತಿವೆ.

ಆವಿ ಕಣದ ಮೇಲೆ ಏಕೆ ಕೂರುತ್ತದೆ? ಅದು ತಾನಾಗಿಯೇ ಹನಿ ಕಟ್ಟಬಾರದೇ? ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗವೂ ಇದೇ.

ಬರೀ ಆವಿಯ ಅಣುಗಳು ಒಂದಕ್ಕೊಂದು ಅಂಟಿ ಹನಿಯಾಗುವುದು ತುಂಬಾ ಕಷ್ಟ. ಹನಿ ಚಿಕ್ಕದಾದಷ್ಟೂ ಅದರ ಮೈ ಜಾಸ್ತಿ ಬಾಗಿರುತ್ತದೆ. ಬಾಗಿದ ಮೈಯಿಂದ ಅಣುಗಳು ಸುಲಭವಾಗಿ ಜಿಗಿದು ಹೋಗುತ್ತವೆ. ಭೌತವಿಜ್ಞಾನಿ ಕೆಲ್ವಿನ್ ಇದನ್ನು 1871ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಶುದ್ಧ ನೀರಿನ 10 ನ್ಯಾನೋಮೀಟರ್ (ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು) ಹನಿ ಆವಿಯಾಗದೆ ಉಳಿಯಬೇಕಾದರೆ ತೇವಾಂಶ ಶೇಕಡಾ 123ರಷ್ಟು ಇರಬೇಕು. 100 ನ್ಯಾನೋಮೀಟರ್ ಹನಿಗೆ 102 ಸಾಕು. ಒಂದು ಮೈಕ್ರಾನ್ ಹನಿಗೆ ನೂರಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೆ ಆಯಿತು. ಅಂದರೆ ಹನಿ ಹುಟ್ಟುವ ಮೊದಲ ಹೆಜ್ಜೆಯೇ ಎಲ್ಲಕ್ಕಿಂತ ಕಡಿದು. ಗಾಳಿಯಲ್ಲಿ ಮೊದಲೇ ಒಂದು ಕಣ ಇದ್ದರೆ ಆ ಕಡಿದಾದ ಏರನ್ನು ಹತ್ತಬೇಕಿಲ್ಲ. ಆವಿ ನೇರವಾಗಿ ಅದರ ಮೈಮೇಲೆ ಕೂರುತ್ತದೆ.

ಕಣ ಉಪ್ಪಿನದಾದರೆ ಇನ್ನೊಂದು ಅನುಕೂಲವಿದೆ. ಕರಗಿದ ಉಪ್ಪು ನೀರಿನ ಅಣುಗಳನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಹಾಗಾಗಿ ತೇವಾಂಶ ನೂರಾಗುವ ಬಹಳ ಮೊದಲೇ ಅದು ಒದ್ದೆಯಾಗುತ್ತದೆ. ಅಡುಗೆ ಉಪ್ಪು ಶೇಕಡಾ 75ಕ್ಕೆ, ಅಮೋನಿಯಂ ಸಲ್ಫೇಟ್ ಸುಮಾರು 80ಕ್ಕೆ. ಬಾಗಿದ ಮೈಯ ಅಡ್ಡಿ ಒಂದು ಕಡೆ, ಉಪ್ಪಿನ ಹಿಡಿತ ಇನ್ನೊಂದು ಕಡೆ. ಈ ಎರಡನ್ನೂ ಒಂದೇ ಸಮೀಕರಣದಲ್ಲಿ ಕೂಡಿಸಿದವರು ಸ್ವೀಡನ್ನಿನ ಹಿಲ್ಡಿಂಗ್ ಕೋಲರ್, 1936ರಲ್ಲಿ. ಮೋಡದ ಅಧ್ಯಯನ ಇವತ್ತಿಗೂ ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲೊಂದು ಸೂಕ್ಷ್ಮ ನಿಮ್ಮ ದತ್ತಾಂಶಕ್ಕೆ ನೇರವಾಗಿ ಸಂಬಂಧಿಸಿದೆ. ಅಮೋನಿಯಂ ಸಲ್ಫೇಟ್ ಕಣ ಒದ್ದೆಯಾಗುವುದು 80ಕ್ಕೆ. ಆದರೆ ಅದೇ ಕಣ ಮರಳಿ ಒಣಗುವುದು 80ಕ್ಕಲ್ಲ. ತೇವಾಂಶ ಶೇಕಡಾ 35–40ಕ್ಕೆ ಇಳಿಯುವವರೆಗೆ ಅದು ನೀರನ್ನು ಹಿಡಿದುಕೊಂಡೇ ಇರುತ್ತದೆ. ಸಂಜೆ ತೇವಾಂಶ 60 ಇದ್ದಾಗ ಒಣಗಿದ್ದ ಕಣ, ಬೆಳಿಗ್ಗೆ ಇಳಿಯುತ್ತಾ 60ಕ್ಕೆ ಬಂದಾಗಲೂ ಒದ್ದೆ. ಹಾಗಾಗಿ ತೇವಾಂಶದ ಎದುರು ಎಣಿಕೆಯನ್ನು ಗ್ರಾಫಿನಲ್ಲಿ ಹಾಕಿದರೆ ಏರುವ ಗೆರೆ ಬೇರೆ, ಇಳಿಯುವ ಗೆರೆ ಬೇರೆ ಬರಬಹುದು. ಮಕ್ಕಳಿಗೆ ಹೇಳಿ, ಸಂಜೆಯ ಚುಕ್ಕೆಗಳಿಗೆ ಒಂದು ಬಣ್ಣ, ಬೆಳಗಿನ ಚುಕ್ಕೆಗಳಿಗೆ ಇನ್ನೊಂದು ಬಣ್ಣ ಹಾಕಲಿ.

ಈಗ ಸಿಪಿಸಿ. ನೀವು ತೊಂದರೆ ಎಂದುಕೊಂಡದ್ದನ್ನೇ ಬೇಕೆಂದು ಮಾಡುವ ಯಂತ್ರ ಅದು. ಕಣ್ಣಿಗೆ ಕಾಣದ ಕಣದ ಮೇಲೆ ಆವಿ ಕೂರಿಸಿ, ಅದನ್ನು ದೊಡ್ಡದು ಮಾಡಿ, ಆಮೇಲೆ ಎಣಿಸುತ್ತದೆ. ಈ ಉಪಾಯ ಹಳೆಯದು. ಗಾಳಿಯನ್ನು ಸೋಸಿ ಕಣ ತೆಗೆದರೆ ಮಂಜು ಕಟ್ಟುವುದಿಲ್ಲ ಎಂದು ಫ್ರಾನ್ಸಿನ ವಿಜ್ಞಾನಿ ಕೂಲಿಯೆ (Coulier) 1875ರಲ್ಲಿ ಕಂಡರು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ದಶಕದಲ್ಲಿ ಅದನ್ನು ಎಣಿಕೆಯ ಸಾಧನವಾಗಿಸಿದರು. ಒದ್ದೆ ಪೆಟ್ಟಿಗೆಯಲ್ಲಿ ಗಾಳಿ ತುಂಬಿ, ಪಂಪಿನಿಂದ ತಟ್ಟನೆ ಹಿಗ್ಗಿಸಿದರೆ ಅದು ತಣ್ಣಗಾಗುತ್ತದೆ. ಪ್ರತಿ ಕಣದ ಮೇಲೂ ಹನಿ ಕಟ್ಟುತ್ತದೆ. ಆ ಹನಿಗಳು ಗೆರೆ ಕೊರೆದ ಗಾಜಿನ ಮೇಲೆ ಬೀಳುತ್ತವೆ. ಭೂತಗನ್ನಡಿ ಹಿಡಿದು ಚೌಕಕ್ಕೆ ಎಷ್ಟು ಎಂದು ಎಣಿಸುವುದು.

ಇಂದಿನ ಯಂತ್ರದಲ್ಲಿ ಪಂಪಿನ ಹಿಗ್ಗಿಸುವಿಕೆ ಇಲ್ಲ. ಗಾಳಿ ಎಡೆಬಿಡದೆ ಹರಿಯುತ್ತದೆ. ಮೊದಲು ಸುಮಾರು 35–40 ಡಿಗ್ರಿ ಬೆಚ್ಚಗಿನ ಭಾಗದಲ್ಲಿ ಬ್ಯೂಟನಾಲ್ ಎಂಬ ಆಲ್ಕೋಹಾಲಿನ ಆವಿ ತುಂಬಿಕೊಳ್ಳುತ್ತದೆ. ಆಮೇಲೆ ಸುಮಾರು 10 ಡಿಗ್ರಿಯ ತಣ್ಣನೆ ಕೊಳವೆಗೆ ಬರುತ್ತದೆ. ಬ್ಯೂಟನಾಲ್ ಆವಿ ನಿಧಾನಕ್ಕೆ ಹರಡುವ ಜಾತಿ. ಅದು ಗೋಡೆಗೆ ಹೋಗಿ ಅಂಟುವ ಮೊದಲೇ ನಡುವಿನ ಗಾಳಿ ತಣ್ಣಗಾಗಿರುತ್ತದೆ. ಆವಿ ತಡೆಯಲಾರದಷ್ಟು ತುಂಬಿ, ಸಿಕ್ಕ ಕಣದ ಮೇಲೆ ಕೂರುತ್ತದೆ. ಕೆಲವೇ ನ್ಯಾನೋಮೀಟರಿನ ಕಣ ಹತ್ತು ಮೈಕ್ರಾನ್ ಆಸುಪಾಸಿನ ಹನಿಯಾಗುತ್ತದೆ. ಲೇಸರ್ ಅದನ್ನು ಸುಲಭವಾಗಿ ಎಣಿಸುತ್ತದೆ. ನೀರನ್ನೇ ಬಳಸಿ ಇದೇ ರೀತಿ ಮಾಡಿದರೆ ಕೆಲಸ ಕೆಡುತ್ತದೆ. ನೀರಿನ ಆವಿ ಶಾಖಕ್ಕಿಂತ ಬೇಗ ಓಡುತ್ತದೆ, ಗಾಳಿ ತಣ್ಣಗಾಗುವ ಮೊದಲೇ ಗೋಡೆ ಸೇರಿಬಿಡುತ್ತದೆ. ಅದಕ್ಕೆ ನೀರಿನ ಯಂತ್ರಗಳಲ್ಲಿ ಕ್ರಮ ತಿರುವುಮುರುವು. ತಣ್ಣನೆ ಗಾಳಿಯನ್ನು ಬೆಚ್ಚಗಿನ ಒದ್ದೆ ಗೋಡೆಯ ಕೊಳವೆಗೆ ಬಿಡುತ್ತಾರೆ. ಶಾಖ ಬರುವ ಮೊದಲೇ ಆವಿ ನಡುವಿಗೆ ಬಂದು ಸೇರುತ್ತದೆ.

ಸಿಪಿಸಿಗೆ ಒಂದು ಮಿತಿ ಇದೆ. ಹೊರಬರುವ ಹನಿಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಮೂಲ ಕಣ ಎಷ್ಟಿತ್ತು ಎಂಬುದು ಅಳಿಸಿಹೋಗುತ್ತದೆ. ಅದಕ್ಕೆ ಸಂಶೋಧಕರು ಮುಂದೆ ಇನ್ನೊಂದು ಸಾಧನ ಜೋಡಿಸಿ, ವಿದ್ಯುತ್ ಕ್ಷೇತ್ರದಿಂದ ಒಂದೇ ಗಾತ್ರದ ಒಣ ಕಣಗಳನ್ನು ಆರಿಸುತ್ತಾರೆ. ಅವುಗಳಿಗೆ ತೇವ ಕೊಟ್ಟು, ಮತ್ತೆ ಗಾತ್ರ ಅಳೆದು, ಕೊನೆಗೆ ಸಿಪಿಸಿಯಲ್ಲಿ ಎಣಿಸುತ್ತಾರೆ. ಎಷ್ಟು ಪಟ್ಟು ಉಬ್ಬಿತು ಎಂದು ಆಗ ನೇರವಾಗಿ ಗೊತ್ತಾಗುತ್ತದೆ.

ನಿಮ್ಮ ಶಾಲೆಗೆ ಸಿಪಿಸಿ ತರಬೇಡಿ ಎಂದೇ ನಾನು ಹೇಳುವುದು. ಬೆಲೆ ಹಲವು ಲಕ್ಷ. ಅದಕ್ಕಿಂತ ದೊಡ್ಡ ಕಾರಣ ಬ್ಯೂಟನಾಲ್. ಸುಮಾರು 35 ಡಿಗ್ರಿಯಲ್ಲಿ ಅದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಬಾಗಲಕೋಟೆಯಲ್ಲಾಗಲಿ ವಿಜಯಪುರದಲ್ಲಾಗಲಿ ಕೋಣೆಯೇ ಅದಕ್ಕಿಂತ ಬಿಸಿ ಇರುತ್ತದೆ. ವಾಸನೆ ಗಂಟಲು ಹಿಡಿಯುತ್ತದೆ, ತಲೆನೋವು ತರುತ್ತದೆ. ಯಂತ್ರದ ಹೊರಗಾಳಿಯನ್ನು ಕೊಳವೆಯಿಂದ ಕಟ್ಟಡದ ಹೊರಗೆ ಬಿಡಲೇಬೇಕು. ಏಸಿ ಇಲ್ಲದ ಕೋಣೆಯಲ್ಲಿ ತಣ್ಣನೆ ಕೊಳವೆ ತಣ್ಣಗೆ ಉಳಿಯದೆ ಎಣಿಕೆಯೇ ತಪ್ಪುತ್ತದೆ. ತುಂಬಿದ ಯಂತ್ರವನ್ನು ಸ್ವಲ್ಪ ಓರೆ ಮಾಡಿ ಎತ್ತಿದರೂ ದ್ರವ ಲೇಸರಿನ ಜಾಗಕ್ಕೆ ನುಗ್ಗಿ ರಿಪೇರಿಗೆ ಹೋಗುತ್ತದೆ. ಮಕ್ಕಳಿಗೆ ಸಿಪಿಸಿ ತೋರಿಸಬೇಕೆಂದರೆ ಅದಿರುವ ಪ್ರಯೋಗಾಲಯಕ್ಕೇ ಕರೆದುಕೊಂಡು ಹೋಗಿ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ಇಂಥ ಕೆಲಸ ಮಾಡುತ್ತಾರೆ. ಮೊದಲೇ ಪತ್ರ ಬರೆದು ಕೇಳಿ.

ತರಗತಿಯಲ್ಲಿ ಏಟ್ಕನ್ನರ ಉಪಾಯವನ್ನು ತೋರಿಸಲು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ತಳದಲ್ಲಿ ಒಂದೆರಡು ಚಮಚ ಬೆಚ್ಚಗಿನ ನೀರು ಹಾಕಿ, ಮುಚ್ಚಿ ಅಲುಗಾಡಿಸಿ. ಗಟ್ಟಿಯಾಗಿ ಹಿಂಡಿ, ತಟ್ಟನೆ ಬಿಡಿ. ಹೆಚ್ಚೇನೂ ಕಾಣುವುದಿಲ್ಲ. ಈಗ ಊದುಬತ್ತಿಯ ಹೊಗೆ ಸ್ವಲ್ಪ ಒಳಗೆ ಬಿಟ್ಟು ಮತ್ತೆ ಹಾಗೇ ಮಾಡಿ. ಬಿಟ್ಟ ಕೂಡಲೇ ಬಿಳಿ ಮಂಜು ಕಟ್ಟುತ್ತದೆ. ಹಿಂಡಿದರೆ ಮಾಯ, ಬಿಟ್ಟರೆ ಮಂಜು. ಹಿಂದಿನಿಂದ ಟಾರ್ಚ್ ಹಿಡಿದರೆ ಕೊನೆ ಬೆಂಚಿಗೂ ಕಾಣುತ್ತದೆ.

ಅಳತೆಗೆ ಬರೋಣ. ಮೂರು ದಾರಿಗಳಿವೆ. ಒಂದು, ತೇವಾಂಶ 80 ದಾಟಿದ ಹೊತ್ತಿನ ಅಂಕಿಗಳನ್ನೆಲ್ಲ ಬಿಟ್ಟುಬಿಡುವುದು. ಸುಲಭ, ತಪ್ಪು ದಾರಿ ಹಿಡಿಸುವುದಿಲ್ಲ. ಆದರೆ ರಾತ್ರಿ ಸಿಕ್ಕಿಬಿದ್ದ ಹೊಗೆ ಕಾಣುವುದೂ ಅದೇ ಹೊತ್ತಿನಲ್ಲಿ. ಅದೂ ಕೈತಪ್ಪುತ್ತದೆ.

ಎರಡನೆಯದು ಸೂತ್ರ ಹಾಕಿ ತಿದ್ದುವುದು. ಪರ್ಪಲ್‌ಏರ್ ಎಂಬ ಯಂತ್ರಗಳಿಗಾಗಿ ಅಮೆರಿಕದ ಪರಿಸರ ಸಂಸ್ಥೆ ಮಾಡಿದ ಒಂದು ಸೂತ್ರ ಬಹಳ ಕಡೆ ಓಡಾಡುತ್ತದೆ. ಯಂತ್ರದ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಅಂಕಿಯನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಬೇಕು. ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. 300 ಹೋಗಿ ಸುಮಾರು 155 ಆಗುತ್ತದೆ, 60 ಹೋಗಿ 33 ಆಗುತ್ತದೆ. ಮೊದಲು ಐದು ಪಟ್ಟು ವ್ಯತ್ಯಾಸವಿತ್ತು, ಈಗಲೂ ಹತ್ತಿರ ಹತ್ತಿರ ಐದು ಪಟ್ಟೇ. ತೇವಾಂಶಕ್ಕೆಂದು ಆ ಸೂತ್ರ ಕಳೆದದ್ದು ಬರೀ ಎಂಟು. ಅಮೆರಿಕದ ದಿನದ ಸರಾಸರಿಗಳಿಗೆ ಹೊಂದಿಸಿದ್ದನ್ನು ಮುಧೋಳದ ಮಂಜಿನ ಗಂಟೆಗೆ ಹಚ್ಚಿದರೆ ಮಂಜು ಹಾಗೇ ಉಳಿಯುತ್ತದೆ. ತಿದ್ದಿದ್ದೇವೆ ಎಂಬ ಸಮಾಧಾನ ಮಾತ್ರ ಸಿಗುತ್ತದೆ. ಇದು ನನಗೆ ಎಲ್ಲಕ್ಕಿಂತ ಅಪಾಯದ ದಾರಿ ಅನ್ನಿಸುತ್ತದೆ.

ಮೂರನೆಯದನ್ನೇ ಮಾಡಿ. ಅದೇ ತರಹದ ಇನ್ನೊಂದು ಯಂತ್ರ ತನ್ನಿ. ಒಂದಕ್ಕೆ ಗಾಳಿ ಇದ್ದಂತೆ ಹೋಗಲಿ, ಇನ್ನೊಂದಕ್ಕೆ ಒಣಗಿಸಿದ ಗಾಳಿ ಹೋಗಲಿ. ಸಿಕ್ಕಿಬಿದ್ದ ಹೊಗೆ ಎರಡರಲ್ಲೂ ಕಾಣುತ್ತದೆ. ನೀರಿನ ಉಬ್ಬು ಒಂದರಲ್ಲಿ ಮಾತ್ರ.

ಒಣಗಿಸಲು ಸಿಲಿಕಾ ಜೆಲ್ ಬಳಸಬಹುದು, ಆದರೆ ಮಂಜಿನ ದಿನಗಳಲ್ಲಿ ಅದು ಬೇಗ ತೇವ ತುಂಬಿಕೊಳ್ಳುತ್ತದೆ. ಜೆಲ್ ತುಂಬಿದ ಉದ್ದ ಕೊಳವೆಯಿಂದ ಗಾಳಿ ಎಳೆಯಲು ನಿಮ್ಮ ಯಂತ್ರದ ಫ್ಯಾನಿಗೆ ಶಕ್ತಿಯೂ ಸಾಲದು. ಶಾಲೆಗೆ ಬೆಚ್ಚಗೆ ಮಾಡುವುದೇ ಸರಿ. ಮೂರು ನಾಲ್ಕು ಇಂಚಿನ ಎರಡು ಪಿವಿಸಿ ಪೈಪುಗಳನ್ನು ನೆಟ್ಟಗೆ ನಿಲ್ಲಿಸಿ. ಮೇಲೆ ಮಳೆ, ಬಿಸಿಲು ತಾಗದಂತೆ ಟೋಪಿ, ಕೆಳಗೆ ತೆರೆದಿರಲಿ. ಎರಡರಲ್ಲೂ ಒಂದೇ ಎತ್ತರಕ್ಕೆ ಯಂತ್ರ ಇಡಿ. ಒಂದು ಪೈಪಿನ ತಳದಲ್ಲಿ ಕೆಲವು ವ್ಯಾಟಿನ ರೆಸಿಸ್ಟರ್ ಹೀಟರ್ ಹಾಕಿ. ಬೆಚ್ಚಗಿನ ಗಾಳಿ ತಾನೇ ಮೇಲೇರುತ್ತದೆ. ಇಬ್ಬನಿ ಬೀಳುವ ಮಾಳಿಗೆ ಅದು, ಹಾಗಾಗಿ 12 ವೋಲ್ಟಿನಲ್ಲೇ ನಡೆಸಿ. 230 ವೋಲ್ಟಿನ ತಂತಿ ಅಲ್ಲಿಗೆ ಒಯ್ಯಬೇಡಿ.

ಎಷ್ಟು ಬೆಚ್ಚಗೆ? ಹೊರಗೆ 15 ಡಿಗ್ರಿ, ತೇವಾಂಶ 95 ಇದ್ದಾಗ, ಅದೇ ಗಾಳಿಯನ್ನು 25 ಡಿಗ್ರಿಗೆ ತಂದರೆ ತೇವಾಂಶ ಸುಮಾರು 51ಕ್ಕೆ ಇಳಿಯುತ್ತದೆ. ಇಷ್ಟು ಸಾಕು ಅನ್ನಿಸುತ್ತದೆ, ಆದರೆ ಸಾಲದು. ಮೊದಲು ಹೇಳಿದೆನಲ್ಲ, ಒದ್ದೆಯಾದ ಸಲ್ಫೇಟ್ ಕಣ 40ಕ್ಕಿಂತ ಕೆಳಗೆ ಬರುವವರೆಗೆ ಪೂರ್ತಿ ಒಣಗುವುದಿಲ್ಲ. 30 ಡಿಗ್ರಿಗೆ ತಂದರೆ ತೇವಾಂಶ ಸುಮಾರು 38 ಆಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಕಾಯಿಸಿದರೆ ಬೇರೆ ತೊಂದರೆ. ಅಮೋನಿಯಂ ನೈಟ್ರೇಟ್‌ನಂಥ ಕಣಗಳು, ಹೊಗೆಯಲ್ಲಿನ ಕೆಲವು ಎಣ್ಣೆಯಂಥ ಅಂಶಗಳು ಶಾಖಕ್ಕೆ ಆವಿಯಾಗಿ ಹೋಗುತ್ತವೆ. ಆಗ ನೀರಿನ ಜೊತೆ ನಿಜವಾದ ಮಾಲಿನ್ಯವನ್ನೂ ಕಳೆದುಕೊಂಡಂತೆ. 15 ಡಿಗ್ರಿ ಏರಿಸುವುದರಲ್ಲೂ ಇದು ಸ್ವಲ್ಪ ಆಗುತ್ತದೆ. ಅಷ್ಟನ್ನು ಒಪ್ಪಿಕೊಳ್ಳಬೇಕು.

ಹೀಟರ್ ಹಾಕುವ ಮೊದಲು ಒಂದು ವಾರ ಎರಡನ್ನೂ ಸುಮ್ನೆ ಪಕ್ಕಪಕ್ಕ ಓಡಿಸಿ. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಯಂತ್ರಗಳೂ ಒಂದೇ ಅಂಕಿ ಕೊಡುವುದಿಲ್ಲ. ಆ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ದಂಡ. ನಡುವೆ ಒಮ್ಮೆ ಪೈಪುಗಳನ್ನು ಅದಲುಬದಲು ಮಾಡಿ.

ತೇವಾಂಶ ಅಳೆಯುವ ಸಾಧನದ ಮೇಲೆ ಯಂತ್ರಕ್ಕಿಂತ ಹೆಚ್ಚು ಗಮನ ಕೊಡಿ. 95ರ ಹತ್ತಿರ ಎರಡು ಮೂರು ಅಂಕಿ ತಪ್ಪಿದರೂ ಉಬ್ಬಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಡಿಎಚ್‌ಟಿ 11 ಎಂಬ ಅಗ್ಗದ ನೀಲಿ ಡಬ್ಬಿ ಇದಕ್ಕೆ ಆಗದು. ಎಸ್‌ಎಚ್‌ಟಿ 31 ತರಹದ್ದು ತನ್ನಿ. ಅದನ್ನು ಪೈಪಿನೊಳಗೆ, ಯಂತ್ರದ ಪಕ್ಕದಲ್ಲೇ ಇಡಿ. ಲೇಸರ್ ಮತ್ತು ಫ್ಯಾನಿನ ಶಾಖದಿಂದ ಅಲ್ಲಿನ ಗಾಳಿ ಹೊರಗಿಗಿಂತ ಸ್ವಲ್ಪ ಬೆಚ್ಚಗಿರುತ್ತದೆ. ಕಣ ಅನುಭವಿಸುವುದು ಆ ತೇವಾಂಶವನ್ನು. ಸಾಧನ ಸರಿ ಇದೆಯೇ ಎಂದು ಅಡುಗೆ ಉಪ್ಪಿನಿಂದಲೇ ನೋಡಬಹುದು. ಉಪ್ಪಿಗೆ ಸ್ವಲ್ಪ ನೀರು ಹಾಕಿ, ಪೂರ್ತಿ ಕರಗದೆ ಕೆಸರಿನಂತೆ ಇರಲಿ. ಅದನ್ನೂ ಸಾಧನವನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಕೆಲವು ಗಂಟೆ ಬಿಡಿ. ಒಳಗಿನ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಉಪ್ಪಿನ ಕಣ ಒದ್ದೆಯಾಗುವ ಅಂಕಿಯೂ ಇದೇ 75. ಇವೆರಡೂ ಏಕೆ ಒಂದೇ ಎಂದು ಮಕ್ಕಳನ್ನೇ ಕೇಳಿ.

ಆಮೇಲೆ ಇದ್ದಂತೆ ಬಿಟ್ಟ ಗಾಳಿಯ ಅಂಕಿಯನ್ನು ಒಣಗಿಸಿದ ಗಾಳಿಯ ಅಂಕಿಯಿಂದ ಭಾಗಿಸಿ, ತೇವಾಂಶದ ಎದುರು ಹಾಕಿ. 60ಕ್ಕಿಂತ ಕೆಳಗೆ ಸಂಜೆಯ ಗೆರೆ ಒಂದರ ಹತ್ತಿರ ಮಲಗಿರಬೇಕು. 75 ದಾಟಿದ ಮೇಲೆ ಏಳಲು ಶುರುವಾಗಿ, 85ರ ನಂತರ ಕಡಿದಾಗುತ್ತದೆ. 95ರ ಮೇಲಿನ ಚುಕ್ಕೆಗಳನ್ನು ನಂಬಬೇಡಿ. ಅಲ್ಲಿ ಮಂಜಿನ ಹನಿಗಳೇ ಆಟ ನಡೆಸುತ್ತವೆ. ಗೆರೆ ಎಷ್ಟು ಕಡಿದು ಅನ್ನುವುದರಲ್ಲಿ ಕಣದ ಜಾತಿ ಅಡಗಿದೆ. ಸಲ್ಫೇಟ್ ಜಾಸ್ತಿ ಇದ್ದರೆ ಕಡಿದು. ಮಣ್ಣಿನ ಧೂಳು, ಹೊಸ ಮಸಿ ಆದರೆ ಬಹುತೇಕ ಚಪ್ಪಟೆ, ಅವು ನೀರು ಹೀರುವುದಿಲ್ಲ. ರವದಿಯ ಹೊಗೆ ಇವೆರಡರ ನಡುವೆ. ಅದರಲ್ಲಿ ಮಸಿಯೂ ಇದೆ, ಟಾರಿನಂಥದ್ದೂ ಇದೆ, ಕಬ್ಬಿನ ಎಲೆಯೊಳಗಿದ್ದ ಪೊಟ್ಯಾಸಿಯಂ ಉಪ್ಪೂ ಇದೆ. ರವದಿ ಸುಟ್ಟ ರಾತ್ರಿಯ ಗೆರೆಯನ್ನೂ ಸುಡದ ರಾತ್ರಿಯ ಗೆರೆಯನ್ನೂ ಒಂದೇ ಕಾಗದದ ಮೇಲೆ ಬರೆದರೆ ಅದು ನಿಮ್ಮ ಮಕ್ಕಳದೇ ಸಂಶೋಧನೆ. ಒಂದು ಎಚ್ಚರಿಕೆ. ನಿಮ್ಮ ಯಂತ್ರ 0.5, 1, 2.5 ಮೈಕ್ರಾನ್ ಎಂದು ಬೇರೆ ಬೇರೆ ಎಣಿಕೆಯನ್ನೂ ಕೊಡಬಹುದು. ಇಂಥ ಅಗ್ಗದ ಯಂತ್ರಗಳಲ್ಲಿ ಆ ಗಾತ್ರದ ವಿಂಗಡಣೆ ನಂಬುವಂಥದ್ದಲ್ಲ. ಒಟ್ಟು ಬೆಳಕಿನಿಂದ ಬಂದ ಅಂದಾಜು ಅದು. ಅನುಪಾತಕ್ಕೆ ಪಿಎಂ 2.5 ಅಂಕಿಯನ್ನೇ ಬಳಸಿ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ. ಅನುಮತಿ ಸಿಕ್ಕರೆ ನಿಮ್ಮ ಎರಡೂ ಯಂತ್ರಗಳನ್ನು ಕೆಲವು ದಿನ ಅದರ ಪಕ್ಕದಲ್ಲಿಡಿ.

ಮಕ್ಕಳ ಪ್ರಾರ್ಥನೆಯ ವಿಷಯ. ನೀರಿನ ಹನಿಯಿಂದ ಪುಪ್ಪುಸಕ್ಕೆ ಕೇಡಿಲ್ಲ. ಉಸಿರಿನೊಳಗಿನ ತೇವಾಂಶ ಹೇಗೂ ನೂರರ ಹತ್ತಿರ, ಒಣ ಕಣ ಒಳಗೆ ಹೋದರೂ ಅಲ್ಲಿ ಉಬ್ಬಿಯೇ ಉಬ್ಬುತ್ತದೆ. ಲೆಕ್ಕಕ್ಕೆ ಬರುವುದು ಒಣ ಭಾಗ. ನಮ್ಮ ದೇಶದ ಮಿತಿ ದಿನದ ಸರಾಸರಿಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ. ಒಂದು ಗಂಟೆಯ ಅಂಕಿಯನ್ನು ಇದಕ್ಕೆ ನೇರವಾಗಿ ಹೋಲಿಸಬಾರದು. ಆದರೆ ಒಣಗಿಸಿದ ಪೈಪಿನ ಅಂಕಿ ಬೆಳಿಗ್ಗೆ ದಿನಾಲೂ ನೂರು ದಾಟುತ್ತಿದ್ದರೆ ಪ್ರಾರ್ಥನೆ, ಆಟ ಎರಡನ್ನೂ ಬಿಸಿಲೇರಿದ ಮೇಲೆ ಇಡಿ. ಯಂತ್ರ ಬರುವವರೆಗೆ ಮೂಗನ್ನು ನಂಬಿ. ಮಂಜಿನಲ್ಲಿ ಸುಟ್ಟ ವಾಸನೆ ಇದ್ದರೆ ಆ ದಿನ ಒಳಗೇ ನಡೆಸಿ. ಉಬ್ಬಸ ಇರುವ ಮಗುವಿದ್ದರೆ ಯೋಚನೆಯೇ ಬೇಡ, ಒಳಗೇ ಇರಲಿ.

ಇನ್ನು ಹಿರಿಯರ ಮಾತು. ಹೊಗೆ ಮಳೆ ತಿನ್ನುತ್ತದೆ ಅನ್ನುವುದರಲ್ಲಿ ಒಂದು ಎಳೆ ನಿಜವಿದೆ. ಮೋಡದಲ್ಲಿ ತೇವಾಂಶ ನೂರನ್ನು ದಾಟುವುದು ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಸುಮಾರು 50ರಿಂದ 100 ನ್ಯಾನೋಮೀಟರಿಗಿಂತ ದೊಡ್ಡ, ನೀರು ಹೀರುವ ಕಣಗಳು ಮಾತ್ರ ಹನಿಯಾಗುತ್ತವೆ. ಅಂಥ ಕಣಗಳು ವಿಪರೀತ ಆದರೆ ಅಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಹನಿಗಳು ಚಿಕ್ಕವಾಗಿಯೇ ಉಳಿಯುತ್ತವೆ, ಒಂದಕ್ಕೊಂದು ಢಿಕ್ಕಿ ಹೊಡೆದು ಕೂಡುವುದು ನಿಧಾನವಾಗುತ್ತದೆ. ಒಂದು ಮಳೆಹನಿಗೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಸೇರಬೇಕು. ತೆಳು ಮೋಡಗಳಲ್ಲಿ ಇದರಿಂದ ಮಳೆ ತಡವಾಗಬಹುದು, ತಪ್ಪಲೂಬಹುದು. ಎತ್ತರದ ಗುಡುಗು ಮೋಡಗಳಲ್ಲಿ ಮಂಜುಗಡ್ಡೆಯೂ ಸೇರಿ ಲೆಕ್ಕ ಬೇರೆಯಾಗುತ್ತದೆ.

ಆದರೆ ಬಾಗಲಕೋಟೆ, ವಿಜಯಪುರಗಳಿಗೆ ಮಳೆ ಕಡಿಮೆ ಆಗಿದ್ದು ಕಾರ್ಖಾನೆ ಬಂದ ಮೇಲಲ್ಲ. ಪಡುವಣದಿಂದ ಬರುವ ಮಾನ್ಸೂನ್ ಗಾಳಿ ಸಹ್ಯಾದ್ರಿ ಹತ್ತುವಾಗಲೇ ಬಹುಪಾಲು ನೀರು ಸುರಿಸಿಬಿಡುತ್ತದೆ. ಬೆಳಗಾವಿ ಊರಿಗೆ ಬೀಳುವುದರ ಅರ್ಧದಷ್ಟು ಮಾತ್ರ ನಿಮ್ಮ ಕಡೆಗೆ. ಇದು ಬೆಟ್ಟದ ಮರೆಯ ನಾಡು, ಕಾರ್ಖಾನೆಗಳಿಗಿಂತ ಬಹಳ ಹಳೆಯ ಸಂಗತಿ. ಇದೇ ಕಾರಣಕ್ಕೆ ಪುಣೆಯ ಸಂಸ್ಥೆಯವರು 2018–19ರಲ್ಲಿ ವಿಜಯಪುರದ ಪಕ್ಕದ ಸೋಲಾಪುರದಲ್ಲೇ ಮೋಡ ಬಿತ್ತನೆಯ ಪ್ರಯೋಗ ನಡೆಸಿದರು. ನೀರು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಕಣಗಳನ್ನು ವಿಮಾನದಿಂದ ಮೋಡದ ತಳಕ್ಕೆ ಬಿಡುವುದು, ಅವುಗಳ ಮೇಲೆ ದೊಡ್ಡ ಹನಿ ಬೇಗ ಬೆಳೆಯುವಂತೆ ಮಾಡುವುದು. ಕಣ ವಿಪರೀತ ಆದರೆ ಹನಿ ಚಿಕ್ಕದು, ಸರಿಯಾದ ಗಾತ್ರದ ಕೆಲವೇ ಕಣ ಬಿದ್ದರೆ ಹನಿ ದೊಡ್ಡದು. ಹಿರಿಯರಿಗೆ ಇಷ್ಟು ಹೇಳಿ: ನಿಮ್ಮ ಸಂಶಯಕ್ಕೆ ಆಧಾರವಿದೆ, ಆದರೆ ಕೊರತೆಯ ದೊಡ್ಡ ಪಾಲು ಬೆಟ್ಟದ್ದು.

ಕೊನೆಗೆ ಒಂದು ಕೆಲಸದ ಸೂಚನೆ. ಎರಡು ಪೈಪುಗಳನ್ನು ಮಂಜು ಮುಗಿದ ಕೂಡಲೇ ಬಿಚ್ಚಬೇಡಿ. ಮಾರ್ಚ್, ಏಪ್ರಿಲ್‌ನಲ್ಲೂ ಓಡಿಸಿ. ಆಗ ಬೆಳಿಗ್ಗೆಯೂ ತೇವಾಂಶ ಬಹಳ ದಿನ 60ರ ಕೆಳಗೇ ಇರುತ್ತದೆ. ಆ ದಿನಗಳಲ್ಲಿ ಅನುಪಾತ ಒಂದರ ಹತ್ತಿರ ಬರಬೇಕು. ಬರದೆ 1.2, 1.3 ಎಂದು ನಿಂತರೆ ಹೀಟರ್ ಹಾಕಿದ ಪೈಪಿನಲ್ಲಿ ಕಣಗಳು ಎಲ್ಲೋ ಕಳೆದುಹೋಗುತ್ತಿವೆ ಎಂದರ್ಥ. ಡಿಸೆಂಬರಿನ ಅನುಪಾತಗಳನ್ನೆಲ್ಲ ಆ ಅಂಕಿಯಿಂದ ಭಾಗಿಸಿ, ಆಮೇಲೆ ಗೆರೆ ಎಳೆಯಿರಿ.